ಹದಿನೇಳನೇ ನಂಬರಿನ ಹಾಜರಿ

ನಮ್ಮ ಶಾಲೆಯ ಏಳನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹದಿನೇಳನೇ ನಂಬರಿನ ಎದುರು ಹನ್ನೊಂದು ಕೆಂಪು ತಿದ್ದುಪಡಿಗಳಿವೆ. ಒಂದೊಂದರ ಪಕ್ಕದಲ್ಲೂ ನನ್ನ ಚಿಕ್ಕ ಸಹಿ. ಪುಟದ ಕೆಳಗೆ ಮುಖ್ಯ ಶಿಕ್ಷಕಿಯ ಸಹಿ, ಸೀಲು. ಈ ಪುಟ ತೆರೆದು ನೋಡಿದವರಿಗೆ ಈ ಟೀಚರ್ ಬೇಜವಾಬ್ದಾರಿಯವಳು ಅನ್ನಿಸಬಹುದು. ಅನ್ನಿಸಲಿ. ಆ ಹನ್ನೊಂದು ದಿನ ನಾನು ಹಾಗೇ ಇದ್ದೆ.

ಚಿಕ್ಕಬಾಣಾವರದ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಏಳು ತರಗತಿಗಳಿಗೆ ನಾವು ನಾಲ್ಕು ಜನ. ಐದರಿಂದ ಏಳರವರೆಗೆ ಗಣಿತ, ವಿಜ್ಞಾನ ನನ್ನವು; ಏಳನೇ ತರಗತಿಗೆ ಕ್ಲಾಸ್ ಟೀಚರ್ ಕೂಡ ನಾನೇ. ಆ ವರ್ಷ ದಸರಾ ರಜೆ ಮುಗಿಯುತ್ತಿದ್ದ ಹಾಗೆ ಮತದಾರರ ಪಟ್ಟಿ ಪರಿಷ್ಕರಣೆಯ ಡ್ಯೂಟಿ ಬಂತು. ಬಾಗಲಗುಂಟೆ ಕಡೆಯ ಕೆಲವು ಬೀದಿಗಳು ನನ್ನ ಪಾಲಿಗೆ. ಮಧ್ಯಾಹ್ನದವರೆಗೆ ಪಾಠ, ಊಟದ ಮೇಲೆ ಮನೆ ಮನೆಯ ಬಾಗಿಲು. ಹಗಲಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಬೀಗ ಇಲ್ಲದ ಮನೆಯ ಒಬ್ಬ ಹಿರಿಯರು ನನ್ನ ಕೈಯ ಚೀಲ ನೋಡಿ ಕಿಟಕಿಯಿಂದಲೇ "ನಮಗೇನೂ ಬೇಡಮ್ಮಾ, ಉಪ್ಪಿನಕಾಯಿ ಮನೇಲೇ ಹಾಕ್ತೀವಿ" ಎಂದು ಪರದೆ ಎಳೆದರು. ಮೂರು ಸಲ ಹೋದ ಮೇಲೆ ಆ ಮನೆಯ ನಾಲ್ಕು ಹೆಸರು ಸಿಕ್ಕವು.

ತುಂಬಿಸಿ ತಂದ ಫಾರಂಗಳನ್ನು ಬೀದಿವಾರು ಜೋಡಿಸಬೇಕು, ಫೋನಿನಲ್ಲಿ ಏರಿಸಬೇಕು. ಅದಕ್ಕೆ ಸಮಯ ಎಲ್ಲಿಂದ ತರುವುದು? ಬೆಳಿಗ್ಗೆಯ ಹಾಜರಿಯ ಹತ್ತು ನಿಮಿಷದಿಂದ ತೆಗೆದೆ. ತರಗತಿಯಲ್ಲಿ ನಾಲ್ಕು ಗುಂಪುಗಳಿದ್ದವು: ಕಾವೇರಿ, ತುಂಗಾ, ಶರಾವತಿ, ಹೇಮಾವತಿ. ಒಂದೊಂದಕ್ಕೂ ಒಬ್ಬ ಲೀಡರ್. ಲೀಡರ್ ನಂಬರ್ ಕೂಗುವುದು, ಮಕ್ಕಳು "ಪ್ರೆಸೆಂಟ್ ಮಿಸ್" ಅನ್ನುವುದು, ಲೀಡರ್ ಚೀಟಿಯಲ್ಲಿ ಗುರುತು ಹಾಕಿ ನನ್ನ ಮೇಜಿನ ಮೇಲಿಡುವುದು. ನಾನು ತಲೆ ತಗ್ಗಿಸಿ ಫಾರಂ ಜೋಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮೂವತ್ತನಾಲ್ಕು ನಂಬರ್, ಮೂವತ್ತನಾಲ್ಕು ಉತ್ತರ. ಚೀಟಿ ನೋಡಿ ಪುಸ್ತಕಕ್ಕೆ, ಪುಸ್ತಕ ನೋಡಿ ಆನ್‌ಲೈನಿಗೆ. ಇಷ್ಟೊಂದು ಹಾಜರಾತಿ ನಮ್ಮ ಶಾಲೆಯಲ್ಲಿ ಯಾವತ್ತೂ ಇರಲಿಲ್ಲ. ನಾನು ಒಳಗೊಳಗೇ ಬೀಗಿದ್ದೆ.

ಒಂದು ಮಂಗಳವಾರ ಊಟದ ಹೊತ್ತಿನಲ್ಲಿ ಅಡುಗೆ ಅಕ್ಕ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಇಲ್ಲಿಯ ಹಳೇ ಊರಿನವಳು. ಶಾಲೆಯಲ್ಲಿ ಓದಿ ಹೋದ ಅರ್ಧ ಜನಕ್ಕೆ ಊಟ ಬಡಿಸಿದವಳು.

"ಮಿಸ್ಸೇ, ಇಂಗ್ ಹೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡಿ. ನಿಮ್ ತುಂಗಾ ಗುಂಪಿನ ಲೀಡರಮ್ಮ ಇದಾಳಲ್ಲ, ದಿನಾ ಎರಡು ಮೊಟ್ಟೆ ಈಸ್ಕೋತಾಳೆ. ಒಂದು ಹೊಟ್ಟೇಗೆ, ಒಂದು ಡಬ್ಬೀಗೆ. ಅನ್ನ ಸಾಂಬಾರೂವೆ ಡಬ್ಬೀಗೆ."

"ಯಾವಾಗಿಂದ ಅಕ್ಕಾ?"

"ಎಂಟ್ ಅತ್ತು ದಿನ ಆಯ್ತು. ಅಸ್ಕಂಡಿರೋ ಮಗು ತಿನ್ಲಿ, ಅದಕ್ಕೆ ನಾನ್ ಏನೂ ಅನ್ನಲ್ಲ. ಆದ್ರೆ ನಿಮ್ ಲೆಕ್ಕ ಸರಿಯಾಗ್ ಬತ್ತಾ ಐತಲ್ಲ, ಅದೆಂಗೆ ಅಂತ?"

ಅದೇ ಪ್ರಶ್ನೆ. ಮೊಟ್ಟೆ ಬೇಯುವುದು ನಾನು ಕೊಡುವ ಹಾಜರಿಯ ಲೆಕ್ಕಕ್ಕೆ ಸರಿಯಾಗಿ. ಒಬ್ಬಳು ಎರಡು ಮೊಟ್ಟೆ ತೆಗೆದುಕೊಂಡರೆ ಕೊನೆಯಲ್ಲಿ ಒಂದು ಕಡಿಮೆ ಬೀಳಬೇಕಿತ್ತು. ಬೀಳುತ್ತಿರಲಿಲ್ಲ.

ಲೀಡರನ್ನು ಕರೆದು ಕೇಳಿದೆ. ಕಣ್ಣು ಮಿಟುಕಿಸದೆ, "ನಮ್ಮಜ್ಜಿಗೆ ಮಿಸ್. ಹಲ್ಲಿಲ್ಲ, ಮೊಟ್ಟೆ ಆದ್ರೆ ಮೆತ್ತಗಿರುತ್ತೆ" ಅಂದಳು. ಅವಳ ಅಜ್ಜಿಯನ್ನು ನಾನು ಬಲ್ಲೆ. ಶಾಲೆ ಗೇಟಿನ ಎದುರು ಕಡ್ಲೆಕಾಯಿ ಮಾರುತ್ತಾರೆ, ತಾವೂ ಹುರಿಗಡಲೆ ಕಟಕಟ ಜಗಿಯುತ್ತಾರೆ.

ಮಾರನೇ ದಿನ ಫಾರಂಗಳ ಚೀಲ ಸ್ಟಾಫ್ ರೂಮಿನಲ್ಲೇ ಬಿಟ್ಟು, ಹಾಜರಿ ಪುಸ್ತಕ ಹಿಡಿದು ನಾನೇ ಎದ್ದು ನಿಂತೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹದಿನಾರರವರೆಗೆ ಸಲೀಸಾಗಿ ಬಂತು. "ಹದಿನೇಳು" ಅಂದೆ.  ಕಿಟಕಿ ಪಕ್ಕದಿಂದ ತೆಳ್ಳಗಿನ ದನಿ: "ಪ್ರೆಸೆಂಟ್ ಮಿಸ್."

ತಲೆ ಎತ್ತಿದೆ. ಉತ್ತರ ಕೊಟ್ಟವಳು ಇಪ್ಪತ್ತೆರಡನೇ ನಂಬರಿನವಳು. ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹದಿನೇಳರ ಜಾಗದಲ್ಲಿ ಯಾರೂ ಇರಲಿಲ್ಲ. ಜಾಗವೂ ಕಾಣದ ಹಾಗೆ ಬೆಂಚಿನ ಮೇಲೆ ಇಬ್ಬರು ಸ್ವಲ್ಪ ಸ್ವಲ್ಪ ಸರಿದು ಕುಳಿತಿದ್ದರು.

"ಎಷ್ಟು ದಿನದಿಂದ?"

 ತುಂಗಾ ಲೀಡರ್ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಸಿಟ್ಟು.

"ಹನ್ನೊಂದು ದಿನ ಮಿಸ್. ನೀವೇ ಹೇಳಿದ್ರಲ್ಲ. ಏಳು ದಿನ ಬರ್ದೇ ಇದ್ರೆ ರಿಜಿಸ್ಟರ್‌ನಲ್ಲಿ ಹೆಸರು ಹೊಡೆದು ಹಾಕ್ತೀನಿ ಅಂತ. ಅವಳ ಹೆಸರು ಹೋಗ್ಬಾರ್ದು ಅಂತ ನಾವೇ ಹೇಳ್ತಿದ್ವಿ. ನೋಟ್ಸೂ ದಿನಾ ಕೊಡ್ತಿದೀವಿ. ಊಟಾನೂ ಅವಳಿಗೇ."

ನಾನು ಹಾಗೆ ಹೇಳಿದ್ದು ನಿಜ. ಜೂನ್‌ನಿಂದ ತಿಂಗಳಿಗೊಮ್ಮೆ ಹೇಳುತ್ತಿದ್ದೆ. ಮಕ್ಕಳು ಹೆದರಿ ಬರಲಿ ಎಂದು ಎಷ್ಟೋ ಟೀಚರ್‌ಗಳು ಬಳಸುವ ಮಾತು ಅದು, ನಾನೂ ಬಳಸಿದೆ. ನಿಯಮ ಹೇಳುವುದು ಇದರ ತದ್ವಿರುದ್ಧ. ಏಳು ದಿನ ಸತತವಾಗಿ ಬರದ ಮಗುವಿನ ಹೆಸರು ಹೊಡೆದು ಹಾಕುವ ಹಾಗಿಲ್ಲ. ಮನೆಗೆ ಪತ್ರ ಕಳಿಸಬೇಕು, ಹುಡುಕಿಕೊಂಡು ಹೋಗಬೇಕು, ಕಾರಣ ಬರೆದು ಮೇಲಕ್ಕೆ ತಿಳಿಸಬೇಕು. ನನ್ನ ಸುಳ್ಳು ನಂಬಿ ಮಕ್ಕಳು ಅವಳನ್ನು ಪುಸ್ತಕದಲ್ಲಿ ಉಳಿಸಿಕೊಂಡಿದ್ದರು. ಅವಳು ಪುಸ್ತಕದಲ್ಲಿ ಇದ್ದುದರಿಂದಲೇ ಯಾರೂ ಹುಡುಕಿಕೊಂಡು ಹೋಗಿರಲಿಲ್ಲ.

ಅವತ್ತು ಮಧ್ಯಾಹ್ನ ಬಾಗಲಗುಂಟೆಗೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಲೀಡರ್ ಜೊತೆ ರೈಲು ಹಳಿಯ ಆಚೆಯ ಶೀಟ್ ಮನೆಗಳ ಸಾಲಿಗೆ ಹೋದೆ. ಡಬ್ಬಿ ಲೀಡರ್ ಕೈಯಲ್ಲೇ ಇತ್ತು. ಬಾಗಿಲು ತೆರೆದವಳು ಹದಿನೇಳು. ಸೊಂಟದ ಮೇಲೆ ಮೂರು ವರ್ಷದ ತಂಗಿ. ನನ್ನನ್ನು ನೋಡಿ ಮೊದಲು ಲೀಡರ್ ಕಡೆ ತಿರುಗಿ, "ಹೇಳ್ಬಿಟ್ಯೇನೇ?" ಅಂದಳು.

"ಮೊಟ್ಟೆ ಸಿಕ್ಕಾಕೊಂತು ಕಣೇ" ಎಂದಳು ಲೀಡರ್.

ಒಳಗೆ ಕುಳಿತು ನೋಟ್‌ಬುಕ್ ತರಿಸಿ ನೋಡಿದೆ. ಭಿನ್ನರಾಶಿಯ ಲೆಕ್ಕಗಳನ್ನು ಹಿಂದಿನ ದಿನದವರೆಗೂ ಮಾಡಿದ್ದಳು. ಭಾಗಾಕಾರದಲ್ಲಿ ಮಾತ್ರ ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡದೆ ಎಲ್ಲಾ ಲೆಕ್ಕವೂ ತಪ್ಪಾಗಿತ್ತು. ಹೇಳಿಕೊಟ್ಟ ಲೀಡರ್ ಕೂಡ ಅದೇ ತಪ್ಪು ಮಾಡುತ್ತಾಳೆ. ಅಲ್ಲೇ ತಿದ್ದಿದೆ. ತಂಗಿ ನನ್ನ ಪೆನ್ನಿನ ಕ್ಯಾಪು ಬಾಯಿಗೆ ಹಾಕಿಕೊಂಡಳು.

ತಂಗಿ ಅಂಗನವಾಡಿಗೆ ಹೋಗುವ ಮಗು. ಅಂಗನವಾಡಿ ಮುಚ್ಚಿತ್ತು. ಸಹಾಯಕಿಯ ಹುದ್ದೆ ಖಾಲಿ. ಟೀಚರ್ ಒಬ್ಬರೇ, ಅವರಿಗೂ ಡ್ಯೂಟಿ. ಯಾವ ಡ್ಯೂಟಿ? ನನ್ನದೇ. ಮತದಾರರ ಪಟ್ಟಿ. ಆ ಟೀಚರ್ ನನಗೆ ಚೆನ್ನಾಗಿ ಗೊತ್ತು. ಅವರ ಬೀದಿಗಳು ನನ್ನ ಬೀದಿಗಳ ಪಕ್ಕದವು. ಹತ್ತು ದಿನದಿಂದ ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾ, ಕಾಲು ನೋವಿನ ಬಗ್ಗೆ ಮಾತಾಡಿಕೊಂಡಿದ್ದೆವು. ಅವರ ಕೇಂದ್ರದ ಮಗುವನ್ನು ನನ್ನ ತರಗತಿಯ ಹುಡುಗಿ ನೋಡಿಕೊಳ್ಳುತ್ತಿದ್ದಾಳೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ.

ತಾಯಿ ಗಾರ್ಮೆಂಟ್ಸಿನಿಂದ ಬರುವಾಗ ಆರೂಕಾಲು. ಹೆಗಲಿನ ಬ್ಯಾಗು ಇಳಿಸದೆ ನಿಂತೇ ಮಾತಾಡಿದರು.

"ಹತ್ತು ದಿನ ಅಂದ್ರು ಮಿಸ್, ಆಮೇಲೆ ತಿಂಗಳು ಅಂದ್ರು. ಇವಳಪ್ಪ ಲಾರಿ ಮೇಲೆ ಹೋದ್ರೆ ಹದಿನೈದು ದಿನ ಇಲ್ಲ. ನಾನ್ ಮೂರು ದಿನ ರಜಾ ಹಾಕಿದ್ರೆ ಮೆಷೀನ್ ಬೇರೆಯವರಿಗೆ. ಏನ್ ಮಾಡ್ಲಿ ಹೇಳಿ. ಅದಕ್ಕೇ ಸೋಮವಾರ ಬಂದು ಟಿ.ಸಿ. ಕೇಳೋಣ ಅಂತಿದ್ದೆ. ಈ ವರ್ಷ ಮನೇಲಿರ್ಲಿ. ಚಿಕ್ಕದು ಸ್ವಲ್ಪ ದೊಡ್ಡದಾದ್ಮೇಲೆ ಮತ್ತೆ ಸೇರಿಸ್ತೀನಿ."

ಏಳನೇ ತರಗತಿಯಲ್ಲಿ ವರ್ಷ ಬಿಟ್ಟು ಮನೆಯಲ್ಲಿ ನಿಂತ ಹುಡುಗಿಯರಲ್ಲಿ ಮರಳಿ ಬಂದವರು ನನ್ನ ಅನುಭವದಲ್ಲಿ ಒಬ್ಬರೂ ಇಲ್ಲ. ಆ ತಾಯಿಗೂ ಅದು ಗೊತ್ತಿತ್ತು. ಮಗಳ ಮುಖ ನೋಡದೆ ಮಾತಾಡುತ್ತಿದ್ದರು.

"ಸೋಮವಾರದವರೆಗೆ ಸಮಯ ಕೊಡಿ" ಅಂದೆ. "ಅಲ್ಲೀವರೆಗೆ ಇಬ್ಬರನ್ನೂ ಶಾಲೆಗೆ ಕಳಿಸಿ."

ಗುರುವಾರ ಬೆಳಿಗ್ಗೆ ಎಚ್.ಎಂ. ಮೇಡಂಗೆ ಎಲ್ಲ ಹೇಳಿದೆ. ನಿವೃತ್ತಿಗೆ ಒಂದು ವರ್ಷವಿದ್ದ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರೆ ಊಟದ ಲೆಕ್ಕ ಸರಿ ಇದೆ, ಪಾಠದ ಲೆಕ್ಕ ತಪ್ಪು. ಚೆನ್ನಾಗಿದೆಯಮ್ಮಾ ನಿನ್ನ ಕ್ಲಾಸು."

ಹಾಜರಿ ಪುಸ್ತಕವನ್ನು ಅವರ ಮುಂದೆ ಸರಿಸಿದೆ.

"ಆಗಿದ್ದು ಆಯ್ತು. ಹಳೇದನ್ನ ಕೆದಕಬೇಡ. ಇವತ್ತಿಂದ ಗೈರು ಹಾಕು. ಏಳು ದಿನ ಆಗ್ಲಿ, ನೋಟಿಸ್ ಕಳಿಸೋಣ, ಎಲ್ಲಾ ನಿಯಮದ ಪ್ರಕಾರ."

"ಏಳು ದಿನ ಆಗೋ ಹೊತ್ತಿಗೆ ಟಿ.ಸಿ. ತಗೊಂಡಿರ್ತಾರೆ ಮೇಡಂ."

 ಅವರ ಎದುರೇ ಅಂಗನವಾಡಿ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಆಕೆ ಸಿಡುಕಲಿಲ್ಲ, ದಣಿದಿದ್ದರು ಅಷ್ಟೆ.

"ಮೇಡಂ, ನನ್ನ ಸರ್ಕಲ್‌ನಲ್ಲಿ ಎಷ್ಟು ಸೆಂಟರ್ ಹಿಂಗಾಗಿದೆ ಗೊತ್ತಾ? ಬಾಯಿ ಮಾತಲ್ಲಿ ಹೇಳಿದ್ರೆ ನಾನ್ ಯಾರ ಹತ್ರ ಕೇಳ್ಲಿ? ಸೆಂಟರ್ ಮುಚ್ಚಿದ್ದಕ್ಕೆ ಇಂಥ ಮಗು ಇಷ್ಟು ದಿನ ಸ್ಕೂಲಿಗೆ ಬಂದಿಲ್ಲ ಅಂತ ಒಂದು ಲೆಟರ್ ಕೊಡಿ. ಹಾಜರಿ ನಕಲು ಜೊತೆಗಿರ್ಲಿ. ಅದನ್ನಿಟ್ಕೊಂಡು ನಾನು ಮಾತಾಡಬಹುದು."

ಹಾಜರಿ ನಕಲು. ನನ್ನ ಪುಸ್ತಕದಲ್ಲಿ ಮಂಗಳವಾರದವರೆಗೆ ಅವಳು ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ.

ಶುಕ್ರವಾರ ಅಕ್ಕ ತಂಗಿ ಇಬ್ಬರೂ ಬಂದರು. ತಂಗಿಗೆ ಹಿಂದಿನ ಬೆಂಚಿನ ಬಳಿ ಚಾಪೆ ಹಾಸಿ, ಸ್ಲೇಟು ಕೊಟ್ಟು ಕೂರಿಸಿದೆ. ಮೊದಲ ಪೀರಿಯಡ್ ಚೆನ್ನಾಗೇ ಹೋಯಿತು. ಎರಡನೇದರಲ್ಲಿ ಬಳಪ ತಿಂದಳು. ಮೂರನೇದರಲ್ಲಿ ಅಮ್ಮ ಬೇಕೆಂದು ಅಳಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ಪಕ್ಕದ ಕೋಣೆಯಿಂದ ಸಹೋದ್ಯೋಗಿ ಬಂದು ಬಾಗಿಲಲ್ಲಿ ನಿಂತು, "ಏನ್ರೀ, ನನ್ನ ಎರಡು ಕ್ಲಾಸ್ ಮಕ್ಕಳೂ ಇದರ ಜೊತೆ ರಾಗ ತೆಗೀತಿದಾರೆ" ಅಂದರು. ತಮಾಷೆಗೇ ಹೇಳಿದ್ದು. ಹದಿನೇಳು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಊಟದ ಬೆಲ್ ಆದ ತಕ್ಷಣ ತಂಗಿಯನ್ನು ಎತ್ತಿಕೊಂಡು ಹೊರಟಳು. ಗೇಟಿನ ತನಕ ಹಿಂದೆ ಹೋದೆ.

"ಬೇಡ ಮಿಸ್. ನನ್ನಿಂದ ಎಲ್ಲರಿಗೂ ತೊಂದರೆ" ಅಂದಳು. ಆಮೇಲೆ, ಹೋಗುತ್ತಾ, "ಭಿನ್ನರಾಶಿ ಈಗ ಬರುತ್ತೆ ಮಿಸ್."

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹಗಲು ಯಶವಂತಪುರದ ಒಂದು ಪ್ಯಾಕಿಂಗ್ ಘಟಕದಲ್ಲಿ ಪೆಟ್ಟಿಗೆಗಳಿಗೆ ಟೇಪ್ ಅಂಟಿಸಿ, ಸಂಜೆ ಕಾಲೇಜಿಗೆ ಹೋಗಿ ಓದಿದೆ. ಹೆಬ್ಬೆಟ್ಟು ಒತ್ತುವ ಅಪ್ಪ ನನ್ನ ಪದವಿ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿ ದೇವರ ಫೋಟೊಗಳ ಸಾಲಿನಲ್ಲಿ ತೂಗುಹಾಕಿದರು. ಈಗಲೂ ಅಲ್ಲೇ ಇದೆ, ಶುಕ್ರವಾರ ಅದಕ್ಕೂ ಒಂದು ಹೂವು. ಅದಕ್ಕೋ ಏನೋ, ನಾನು ಬರೆಯುವ ಯಾವ ಕಾಗದದಲ್ಲೂ ಚಿತ್ತು ಇರಬಾರದು ಎಂಬ ಹಟ ನನಗೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಒಂದೂ ತಿದ್ದುಪಡಿ ಇರಲಿಲ್ಲ. ಬೇರೆ ಟೀಚರ್‌ಗಳಿಗೆ ಮಾದರಿ ಎಂದು ಎಚ್.ಎಂ. ಅದನ್ನು ತೋರಿಸುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಖಾಲಿ ತರಗತಿಯಲ್ಲಿ ಆ ಪುಸ್ತಕ ತೆರೆದು ಕುಳಿತೆ. ಪುಟ ನಿಜಕ್ಕೂ ಚೆನ್ನಾಗಿತ್ತು. ಗೆರೆ ಎಳೆದಂತೆ ಅಕ್ಷರ. ಹೀಗೇ ಬಿಟ್ಟರೆ ಸೋಮವಾರ ಟಿ.ಸಿ. ಬರೆಯಬೇಕು, ಅದನ್ನೂ ಇಷ್ಟೇ ಚೆನ್ನಾಗಿ ಬರೆಯುತ್ತೇನೆ. ಚಿತ್ತಿಲ್ಲದ ಟಿ.ಸಿ.

ಕೆಂಪು ಪೆನ್ನು ತೆಗೆದೆ. ಹಾಜರಿಯನ್ನು ಅಳಿಸುವ ಹಾಗಿಲ್ಲ, ವೈಟ್ನರ್ ಹಚ್ಚುವ ಹಾಗಿಲ್ಲ. ಹಳೆಯದು ಓದಲು ಸಿಗುವ ಹಾಗೆ ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ "ಗೈರು", ಪಕ್ಕದಲ್ಲಿ ಸಹಿ.  ಹನ್ನೊಂದೂ ಹಾಕಿದೆ. ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ವಿವರಣೆ ಬರೆದೆ: ಚುನಾವಣಾ ಕೆಲಸದ ಒತ್ತಡದಲ್ಲಿ ಹಾಜರಿಯನ್ನು ಮಕ್ಕಳಿಂದ ತೆಗೆಸಿದ್ದೇನೆ, ಮುಖ ನೋಡಿ ಖಚಿತಪಡಿಸಿಕೊಂಡಿಲ್ಲ, ತಪ್ಪು ನನ್ನದು, ಮಕ್ಕಳದ್ದಲ್ಲ.

ಎಚ್.ಎಂ. ಮೇಡಂ ಓದಿ ಕನ್ನಡಕ ತೆಗೆದರು.

"ಇದು ಮೇಲೆ ಹೋಗುತ್ತೆ ಕಣಮ್ಮಾ. ಆನ್‌ಲೈನಲ್ಲಿ ತಿದ್ದೋಕೂ ನಾನು ಪತ್ರ ಬರೀಬೇಕು. ನಿನ್ನ ಫೈಲಲ್ಲಿ ಕೂತ್ಕೊಳ್ಳುತ್ತೆ."

"ಕೂತ್ಕೊಳ್ಳಲಿ ಮೇಡಂ."

"ನನ್ನ ಸಹಿನೂ ಇರುತ್ತೆ ಅದರಲ್ಲಿ. ಗೊತ್ತಾ?"

"ಗೊತ್ತು ಮೇಡಂ. ಅದಕ್ಕೇ ಕೇಳ್ತಿದೀನಿ."

ಕನ್ನಡಕ ಹಾಕಿಕೊಂಡರು. "ಕೆಂಪು ಇಂಕಲ್ಲೂ ಅಕ್ಷರ ಮಾತ್ರ ಮುತ್ತು" ಎಂದು ಗೊಣಗುತ್ತಾ ಸಹಿ ಹಾಕಿ ಸೀಲು ಒತ್ತಿದರು.

ಸಂಜೆ ಟೀ ಅಂಗಡಿಯಲ್ಲಿ ಅಂಗನವಾಡಿ ಟೀಚರ್‌ಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಸೆಂಟರ್ ಮುಚ್ಚೋಕೆ ನಂಗೇನ್ ಖುಷೀನಾ ಅಕ್ಕಾ? ದಿನಾ ಬೀಗ ಹಾಕುವಾಗ ಹೊಟ್ಟೆ ಉರಿಯುತ್ತೆ" ಅಂದರು. ಇಬ್ಬರೂ ಅಲ್ಲೇ ಒಂದು ಲೆಕ್ಕ ಹಾಕಿದೆವು. ಹಗಲಲ್ಲಿ ಹೇಗೂ ಮನೆಗಳಿಗೆ ಬೀಗ. ಜನ ಸಿಗುವುದು ಸಂಜೆ, ಭಾನುವಾರ. ಅವರು ನಾಲ್ಕರವರೆಗೆ ಕೇಂದ್ರ ನಡೆಸಲಿ, ನಾನು ನಾಲ್ಕರವರೆಗೆ ಪಾಠ ಮಾಡುತ್ತೇನೆ. ನಾಲ್ಕೂವರೆಯಿಂದ ಇಬ್ಬರೂ ಜೊತೆಯಾಗಿ, ಅವರ ಬೀದಿ ಒಂದು ದಿನ, ನನ್ನ ಬೀದಿ ಒಂದು ದಿನ. ಭಾನುವಾರ ಎರಡೂ.

"ಭಾನುವಾರವೂ ಹೋಯ್ತಾ?" ಅಂದರು.

"ಹೋಯ್ತು."

"ನಮ್ಮನೆಯವರಿಗೆ ನೀವೇ ಹೇಳ್ಬೇಕು."

ಶನಿವಾರ ಬೆಳಗಿನ ಶಾಲೆ ಮುಗಿಸಿ ಪತ್ರ, ಹಾಜರಿ ನಕಲು ಹಿಡಿದು ಇಬ್ಬರೂ ಮೇಲ್ವಿಚಾರಕಿಯ ಕಚೇರಿಗೆ ಹೋದೆವು. ಆಕೆ ಹನ್ನೊಂದು ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದರು.

"ಇದನ್ನ ನೀವೇ ತಿದ್ದಿದ್ರಾ? ಯಾರೂ ಹೇಳ್ದೆ?"

"ಹೌದು."

 ಈ ಟೀಚರ್ ಸಂಜೆ ಡ್ಯೂಟಿ ಮಾಡಿದರೆ ಆಗುತ್ತಾ ಎಂದು ಆಕೆ ಚುನಾವಣಾ ಕಚೇರಿಗೆ ಎರಡು ಫೋನ್ ಮಾಡಿದರು. ಮೊದಲನೆಯದರಲ್ಲಿ ಆ ಕಡೆಯವರು ಆಗಲ್ಲ ಅಂದರು, ಎರಡನೆಯದರಲ್ಲಿ ಕೆಲಸ ನಿಲ್ಲಬಾರದು ಅಷ್ಟೇ ಅಂದರು. ಅಷ್ಟು ಸಾಕಾಯಿತು. ಆ ಒಂದು ಕೇಂದ್ರಕ್ಕೆ ಮಾತ್ರ. ಉಳಿದವುಗಳ ಕಥೆ ಏನೆಂದು ನಾನು ಕೇಳಲಿಲ್ಲ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ. ನಮ್ಮಿಬ್ಬರ ಭಾನುವಾರಗಳಿಂದ ತೆರೆದ ಬಾಗಿಲು ಅದು, ವ್ಯವಸ್ಥೆ ತೆರೆದದ್ದಲ್ಲ. ಇದನ್ನು ಯಾರಾದರೂ ಮಾದರಿ ಅಂದರೆ ನಾನು ಒಪ್ಪುವುದಿಲ್ಲ. ಮುಂದೆ ನನಗೆ ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಎಚ್ಚರಿಕೆ ನೀಡಿ ಮುಗಿಸಿದರು. ಅದು ಫೈಲಿನಲ್ಲಿದೆ.

ಭಾನುವಾರ ಸಂಜೆ ಬೀದಿ ಸುತ್ತಿ ಮುಗಿಸಿ ಶೀಟ್ ಮನೆಗೆ ಹೋಗಿ ತಾಯಿಗೆ ವಿಷಯ ಹೇಳಿದೆ. ಅವರು ಸಂತೋಷಪಡಲಿಲ್ಲ.

"ಎರಡು ದಿನ ತೆಗೆದು ಮತ್ತೆ ಮುಚ್ಚಿದ್ರೆ? ನಾನ್ ಮತ್ತೆ ಇವಳನ್ನ ಬಿಡಿಸಿ, ಮತ್ತೆ ಸೇರಿಸಿ... ನೋಡ್ತೀನಿ ಮಿಸ್."

ನೋಡ್ತೀನಿ ಅಂದರೆ ಏನೆಂದು ನನಗೆ ಗೊತ್ತು. ಎದ್ದು ಬಂದೆ.

ಸೋಮವಾರ ಪ್ರಾರ್ಥನೆಯಲ್ಲಿ ತುಂಗಾ ಗುಂಪಿನ ಸಾಲಿನಲ್ಲಿ ಹದಿನೇಳು ಇರಲಿಲ್ಲ. ತರಗತಿಗೆ ಬಂದು ಹಾಜರಿ ತೆಗೆಯುವ ಮೊದಲು ಮಕ್ಕಳಿಗೆ ಹೇಳಿದೆ: ಏಳು ದಿನ ಬರದಿದ್ದರೆ ಹೆಸರು ಹೊಡೆದು ಹಾಕ್ತೀನಿ ಅಂದಿದ್ದೆನಲ್ಲ, ಅದು ಸುಳ್ಳು. ಏಳು ದಿನ ಬರದಿದ್ದರೆ ನಾನೇ ನಿಮ್ಮ ಮನೆಗೆ ಬರಬೇಕು, ಅದು ನಿಯಮ.

"ಆರನೇ ದಿನಕ್ಕೆ ಬರಲ್ವಾ ಮಿಸ್?" ಎಂದ ಒಬ್ಬ.

"ಮೂರನೇ ದಿನಕ್ಕೇ ಬರ್ತೀನಿ. ಬಂದು ನಿಮ್ಮಮ್ಮನ ಹತ್ರ ನಿನ್ನ ಮಾರ್ಕ್ಸೂ ಹೇಳ್ತೀನಿ." ನಕ್ಕರು. ಲೀಡರ್ ನಗಲಿಲ್ಲ, ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು.

ಪುಸ್ತಕ ತೆರೆದೆ. ಒಂದು, ಎರಡು, ಮೂರು. ಪ್ರತಿ ನಂಬರಿಗೂ ತಲೆ ಎತ್ತಿದೆ. ಹದಿನಾರು. ಹದಿನೇಳು.

"ಪ್ರೆಸೆಂಟ್ ಮಿಸ್!" ತುಂಗಾ ಗುಂಪು ಇಡೀ ಒಟ್ಟಿಗೆ.

ನಾನು ಮುಖ ಗಂಟಿಕ್ಕಿದೆ. ಲೀಡರ್ ಎದ್ದು ನಿಂತು ಕಿಟಕಿಯ ಕಡೆ ಕೈ ತೋರಿಸಿದಳು. "ನಿಜವಾಗ್ಲೂ ಮಿಸ್, ಅಜ್ಜಿ ಅಂಗಡಿ ಹತ್ರ ಇದಾಳೆ, ಓಡಿ ಬರ್ತಿದಾಳೆ, ಬ್ಯಾಗ್ ಇದೆ!"

ನಾನು ಬರೆಯಲಿಲ್ಲ. ಪೆನ್ನು ಹಾಗೇ ಹಿಡಿದು ನಿಂತೆ. ಮೂವತ್ತಮೂರು ಮಕ್ಕಳೂ ಬಾಗಿಲ ಕಡೆ ತಿರುಗಿದರು. ವರಾಂಡದಲ್ಲಿ ಚಪ್ಪಲಿಯ ಸದ್ದಾಯಿತು.

"ಒಳಗ್ ಬರ್ಲಾ ಮಿಸ್? ತಂಗಿ ಅಂಗನವಾಡಿ ಬಾಗಿಲಲ್ಲಿ ಕೈ ಬಿಡ್ಲಿಲ್ಲ, ಅದಕ್ಕೆ ಲೇಟು."

"ಬಾ. ಜಾಗದಲ್ಲಿ ಕೂತ್ಕೋ."

ಬೆಂಚಿನ ಮೇಲೆ ಇಬ್ಬರು ಸರಿದರು. ಅವಳು ಕುಳಿತು ಉಸಿರು ತಡೆದುಕೊಳ್ಳುವವರೆಗೆ ಕಾದೆ.

"ಹದಿನೇಳು" ಅಂದೆ.

"ಪ್ರೆಸೆಂಟ್ ಮಿಸ್."

ಮುಖ ನೋಡಿದೆ. ಆಮೇಲೆ ಬರೆದೆ.